ಉಪ್ಪಿನಕಾಯಿಯ ಇತಿಹಾಸ ಮತ್ತು ‘ಮೆಣಸು’ ಶಬ್ದದ ಅರ್ಥಾಂತರ

ಕನ್ನಡನಾಡಿನ ಊಟದ ಪಂಕ್ತಿಯಲ್ಲಿ ಎಲೆಯ ತುದಿಗೆ ಮೊದಲು ಬೀಳುವುದು ಉಪ್ಪು. ಅದರ ಬಳಿಯಲ್ಲಿ ಉಪ್ಪಿನಕಾಯಿ, ಕೋಸಂಬರಿ, ಚಟ್ನಿ, ಗೊಜ್ಜುಗಳು ಸ್ಥಾನ ಪಡೆಯುತ್ತವೆ. ಅನ್ನ, ರೊಟ್ಟಿ, ಮುದ್ದೆಗಳು ಹಸಿವನ್ನು ನೀಗಿಸುವ ಪ್ರಧಾನ ಆಹಾರಗಳಾದರೆ ಈ ಕಿರುಪದಾರ್ಥಗಳು ಆ ಆಹಾರಕ್ಕೆ ರುಚಿಯನ್ನು ಕೊಡತಕ್ಕವು. ಪ್ರಮಾಣದಲ್ಲಿ ಅತ್ಯಲ್ಪವಾದ ಈ ವ್ಯಂಜನಗಳ ಇತಿಹಾಸ ಮಾತ್ರ ಅಲ್ಪವಾದುದಲ್ಲ. ಸುಮಾರು ಸಾವಿರ ವರ್ಷಗಳ ಗ್ರಂಥಸಾಕ್ಷ್ಯ ಅದಕ್ಕುಂಟು. ಆ ಸಾಕ್ಷ್ಯವನ್ನು ಕ್ರಮವಾಗಿ ಅವಲೋಕಿಸಿದಾಗ ಪಾಕಶಾಸ್ತ್ರದ ಸಂಗತಿಗಳಷ್ಟೇ ಅಲ್ಲದೆ, ಹಳೆಯ ಕನ್ನಡ ಗ್ರಂಥಗಳನ್ನು ಓದುವ ಕ್ರಮಕ್ಕೆ ಸಂಬಂಧಿಸಿದ ಮಹತ್ವದ ಪ್ರಶ್ನೆಯೊಂದೂ ಎದುರಾಗುತ್ತದೆ.

ಮೊದಲಿಗೆ ಶಬ್ದಗಳನ್ನು ಪರಿಶೀಲಿಸುವುದು ಉಚಿತ. ಪ್ರಧಾನ ಆಹಾರದೊಡನೆ ಸ್ವಲ್ಪಸ್ವಲ್ಪವಾಗಿ ಇನ್ನೊಂದು ಪದಾರ್ಥವನ್ನು ಸೇರಿಸಿ ತಿನ್ನುವುದಕ್ಕೆ ಕನ್ನಡದಲ್ಲಿ ‘ನಂಚಿಕೊಳ್ಳು’ ಎಂಬ ಅಚ್ಚ ದೇಶ್ಯ ಕ್ರಿಯಾಪದವಿದೆ. ಇಂತಹ ಕ್ರಿಯೆಗೆ ಪ್ರತ್ಯೇಕವಾದ ಒಂದು ಮಾತು ಹುಟ್ಟಿಕೊಂಡಿರುವುದೇ ಆ ಪದ್ಧತಿಯ ಪ್ರಾಚೀನತೆಯನ್ನು ಸೂಚಿಸುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ‘ಉಪದಂಶ’ವೆಂದು ಹೆಸರು. ಪಾಣಿನಿಯು ತನ್ನ ವ್ಯಾಕರಣದಲ್ಲಿ ಈ ಶಬ್ದಕ್ಕಾಗಿಯೇ ಒಂದು ಸೂತ್ರವನ್ನು ರಚಿಸಿದ್ದಾನೆ. ಮೂಲಂಗಿಯನ್ನೋ ಹಸಿಶುಂಠಿಯನ್ನೋ ಕಚ್ಚಿಕೊಂಡು ಊಟ ಮಾಡುವುದನ್ನು ವ್ಯಾಖ್ಯಾನಕಾರರು ಅಲ್ಲಿ ಉದಾಹರಣೆಯಾಗಿ ಕೊಡುತ್ತಾರೆ. ‘ವ್ಯಂಜನ’ ಎಂಬ ಇನ್ನೊಂದು ಶಬ್ದವಂತೂ ಸಾಹಿತ್ಯ ವಿದ್ಯಾರ್ಥಿಗಳಿಗೆ ಸುಪರಿಚಿತ. ಸ್ವರದ ನೆರವಿಲ್ಲದೆ ಉಚ್ಚಾರಗೊಳ್ಳದ ಅಕ್ಷರ ವ್ಯಂಜನವೆನಿಸಿದಂತೆ, ಅನ್ನದ ನೆರವಿಲ್ಲದೆ ಉಣ್ಣಲಾಗದ ಪದಾರ್ಥವೂ ವ್ಯಂಜನವೆನಿಸಿದೆ. ತಾನಾಗಿ ನಿಲ್ಲದೆ ಇನ್ನೊಂದನ್ನು ಪ್ರಕಟಗೊಳಿಸುವುದು ಎರಡರ ಧರ್ಮವೂ ಹೌದು.

‘ಉಪ್ಪಿನಕಾಯಿ’ ಎಂಬ ಹೆಸರು ಇನ್ನಷ್ಟು ಸ್ಪಷ್ಟವಾಗಿ ಮಾತನಾಡುತ್ತದೆ. ಉಪ್ಪಿನಲ್ಲಿ ಹಾಕಿಟ್ಟ ಕಾಯಿ ಎಂಬುದಷ್ಟೇ ಅದರ ಅರ್ಥ. ಮರಾಠಿಯ ‘ಲೋಣಚೆ’ ಎಂಬ ಶಬ್ದವೂ ಲವಣದಿಂದಲೇ ಬಂದುದು. ತಮಿಳಿನ ‘ಊರುಗಾಯ್’, ತೆಲುಗಿನ ‘ಊರಗಾಯ’ ಎಂಬಲ್ಲಿ ನೆನೆದು ಊರಿದ ಕಾಯಿ ಎಂಬ ಅರ್ಥವಿದೆ. ಈ ನಾಲ್ಕು ಭಾಷೆಗಳ ಹೆಸರುಗಳಲ್ಲಿ ಎಲ್ಲಿಯೂ ಖಾರದ ಪ್ರಸ್ತಾಪವಿಲ್ಲದಿರುವುದು ಗಮನಾರ್ಹ. ಇಂದು ಉಪ್ಪಿನಕಾಯಿ ಎಂದೊಡನೆ ಕಣ್ಣಿಗೆ ಕಟ್ಟುವುದು ಕೆಂಪು ಮೆಣಸಿನಪುಡಿಯ ಬಣ್ಣ. ಆದರೆ ಹೆಸರು ಹುಟ್ಟಿದ ಕಾಲಕ್ಕೆ ಆ ಬಣ್ಣವಿರಲಿಲ್ಲ. ಕಾಯಿಯನ್ನು ಕೆಡದಂತೆ ಕಾಪಾಡುವ ಉಪ್ಪೇ ಅಲ್ಲಿ ಪ್ರಧಾನವಾಗಿತ್ತು.

ಕನ್ನಡದಲ್ಲಿ ಪಾಕವಿಚಾರವನ್ನು ಶಾಸ್ತ್ರವಾಗಿ ನಿರೂಪಿಸಿದ ಪ್ರಾಚೀನ ಗ್ರಂಥಗಳಲ್ಲಿ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ಅಗ್ರಗಣ್ಯವಾದುದು. ಕ್ರಿ.ಶ. 1025ರ ಸುಮಾರಿಗೆ, ಕಲ್ಯಾಣ ಚಾಲುಕ್ಯರ ಜಯಸಿಂಹನ ಆಳ್ವಿಕೆಯಲ್ಲಿ ರಚಿತವಾದ ಈ ಕೃತಿಯಲ್ಲಿ ಜ್ಯೋತಿಷ, ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ ಮೊದಲಾದ ವಿಷಯಗಳೊಡನೆ ಸೂಪಶಾಸ್ತ್ರಕ್ಕೂ ಸ್ಥಾನ ದೊರೆತಿದೆ. ಜನಜೀವನಕ್ಕೆ ಉಪಯುಕ್ತವಾದ ತಿಳಿವಳಿಕೆಯನ್ನು ಜನರ ಭಾಷೆಯಲ್ಲಿಯೇ ಒದಗಿಸಬೇಕೆಂಬ ಉದ್ದೇಶ ಆ ಹೆಸರಿನಲ್ಲಿಯೇ ಇದೆ. ಇದಾದ ಒಂದು ಶತಮಾನದ ಬಳಿಕ ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಕ್ರಿ.ಶ. 1129ರ ಸುಮಾರಿನ ಈ ವಿಶ್ವಕೋಶದ ‘ಅನ್ನಭೋಗ’ ಪ್ರಕರಣದಲ್ಲಿ ಅರಮನೆಯ ಅಡುಗೆಗಳ ವಿವರವಾದ ವರ್ಣನೆಯಿದೆ. ಅಲ್ಲಿ ಪದಾರ್ಥಗಳಿಗೆ ರುಚಿಗೂಡಿಸುವ ದ್ರವ್ಯಗಳೆಂದರೆ ಸೈಂಧವ ಲವಣ, ಮರೀಚ, ಶುಂಠಿ, ಜೀರಿಗೆ, ಇಂಗು ಹಾಗೂ ಹುಳಿಹಣ್ಣುಗಳ ರಸ. ಮರೀಚವೆಂದರೆ ಬಳ್ಳಿಯಲ್ಲಿ ಗೊಂಚಲಾಗಿ ಬಿಡುವ ಕಾಳುಮೆಣಸು. ಆಯುರ್ವೇದವು ‘ತ್ರಿಕಟು’ ಎಂದು ಕರೆಯುವ ಶುಂಠಿ, ಮೆಣಸು, ಹಿಪ್ಪಲಿಗಳೇ ಆ ಕಾಲದ ಕಟುರಸಕ್ಕೆ ಆಧಾರ. ಇಂದಿನ ಮೆಣಸಿನಕಾಯಿ ಆಗ ಭಾರತದ ನೆಲದಲ್ಲಿಯೇ ಇರಲಿಲ್ಲ.

ವಿಜಯನಗರದ ಕಾಲದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಹೆಸರಿನಲ್ಲಿ ಪಾಕವಿಷಯಕ್ಕೇ ಮೀಸಲಾದ ಸ್ವತಂತ್ರ ಗ್ರಂಥವನ್ನು ಬರೆದನು. ಹದಿನಾರನೆಯ ಶತಮಾನದ ಆರಂಭದ ಈ ಜೈನಕವಿ ಆರಿಸಿಕೊಂಡದ್ದು ವಾರ್ಧಕ ಷಟ್ಪದಿಯನ್ನು. ಬದನೆ, ಬಾಳೆ, ಹಲಸು, ಕಳಲೆ ಮುಂತಾದ ಶಾಕಗಳಿಂದ ಮಾಡತಕ್ಕ ಬಗೆಬಗೆಯ ಪಾಕಗಳು ಅಲ್ಲಿ ವರ್ಣಿತವಾಗಿವೆ. ಸಸ್ಯಾಹಾರದ ಮಿತಿಯೊಳಗೇ ವೈವಿಧ್ಯವನ್ನು ಸಾಧಿಸಬೇಕಾದಾಗ ವ್ಯಂಜನದ ಕಡೆಗೆ ಗಮನ ಹೆಚ್ಚುವುದು ಸಹಜವೇ ಆಗಿದೆ. ಅಡುಗೆಯ ಅಳತೆಯನ್ನು ಷಟ್ಪದಿಯ ಮಾತ್ರೆಗಳಲ್ಲಿ ಹಿಡಿದಿಟ್ಟ ಕವಿಯ ಶ್ರಮವನ್ನು ಕೇವಲ ಕುತೂಹಲದ ಸಂಗತಿಯೆಂದು ಭಾವಿಸಬಾರದು. ಪದ್ಯವು ನೆನಪಿನಲ್ಲಿ ಉಳಿಯುತ್ತದೆ. ಬಾಯಿಂದ ಬಾಯಿಗೆ ಸಾಗುವ ವಿದ್ಯೆಗೆ ಅದು ಯೋಗ್ಯವಾದ ವಾಹನ.

ಮಂಗರಸನ ಕಾಲವೇ ಭಾರತದ ಆಹಾರ ಇತಿಹಾಸದಲ್ಲಿ ಸಂಧಿಕಾಲವೂ ಆಗಿದೆ. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಬಳಿ ಬಂದಿಳಿದನು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಅವರನ್ನು ಇಲ್ಲಿಗೆ ಎಳೆತಂದುದು ಮುಖ್ಯವಾಗಿ ಪಶ್ಚಿಮಘಟ್ಟದ ಕಾಳುಮೆಣಸು. ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ಡ ಓರ್ತಾ 1563ರಲ್ಲಿ ಭಾರತದ ಮೂಲಿಕೆ ಹಾಗೂ ಔಷಧದ್ರವ್ಯಗಳನ್ನು ಕುರಿತ ಸಂವಾದರೂಪದ ಗ್ರಂಥವೊಂದನ್ನು ಅಲ್ಲಿಯೇ ಮುದ್ರಿಸಿದನು. ಮಾವಿನಕಾಯಿಯನ್ನು ಸಕ್ಕರೆಯಲ್ಲಿ, ಹುಳಿರಸದಲ್ಲಿ, ಎಣ್ಣೆ ಮತ್ತು ಉಪ್ಪಿನಲ್ಲಿ ಹಾಕಿಡುತ್ತಿದ್ದುದನ್ನೂ, ಅದರೊಳಗೆ ಹಸಿಶುಂಠಿ ಬೆಳ್ಳುಳ್ಳಿಗಳನ್ನು ತುಂಬುತ್ತಿದ್ದುದನ್ನೂ ಅವನು ಹೇಳಿದ್ದಾನೆ. ಗೇರಿನ ಎಳೆಯ ಕಾಯಿಯನ್ನು ಉಪ್ಪಿನಲ್ಲಿ ಹಾಕಿ ‘ಆಚಾರ್’ ಎಂಬ ಹೆಸರಿನಿಂದ ಪೇಟೆಯಲ್ಲಿ ಮಾರುತ್ತಿದ್ದರೆಂಬ ಸಂಗತಿಯೂ ಅವನಿಂದ ತಿಳಿದುಬರುತ್ತದೆ. 1596ರಲ್ಲಿ ಪ್ರಕಟವಾದ ಡಚ್ ಪ್ರವಾಸಿ ಲಿನ್ಸ್‌ಚೋಟನ್ನನ ಗ್ರಂಥದಲ್ಲಿಯೂ ಶುಂಠಿ ಬೆಳ್ಳುಳ್ಳಿ ತುಂಬಿದ ಮಾವಿನಕಾಯಿಯ ಉಲ್ಲೇಖವಿದೆ. ಕನ್ನಡ ಕರಾವಳಿಗೆ ತಾಗಿಕೊಂಡ ನೆಲದಲ್ಲಿ, ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ, ಮಾವಿನ ಉಪ್ಪಿನಕಾಯಿಯ ಖಾರವು ಇನ್ನೂ ಶುಂಠಿ ಬೆಳ್ಳುಳ್ಳಿಗಳದೇ ಆಗಿತ್ತೆಂಬುದಕ್ಕೆ ಇವು ಬಲವಾದ ಸಾಕ್ಷ್ಯಗಳು.

ಮಾವಿನ ಈ ರೂಪವೇ ಯೂರೋಪಿನವರೆಗೂ ಪ್ರಯಾಣ ಬೆಳೆಸಿತು. ತಾಜಾ ಹಣ್ಣು ತಿಂಗಳುಗಟ್ಟಲೆಯ ಸಮುದ್ರಯಾನವನ್ನು ತಾಳಲಾರದು, ಉಪ್ಪಿನಲ್ಲಿಟ್ಟ ಕಾಯಿ ತಾಳಬಲ್ಲದು. ಆ ಕಾರಣದಿಂದ ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ಮ್ಯಾಂಗೋ’ ಎಂಬ ಶಬ್ದವು ಹಣ್ಣಿಗಿಂತ ಹೆಚ್ಚಾಗಿ ಉಪ್ಪಿನಕಾಯಿಗೇ ಸಲ್ಲತೊಡಗಿತು. ಮಸಾಲೆ ತುಂಬಿ ಹುಳಿಯಲ್ಲಿ ಹಾಕಿದ ಸೌತೆಕಾಯಿಯನ್ನೂ ಅಲ್ಲಿನವರು ‘ಮ್ಯಾಂಗೋ’ ಎಂದೇ ಕರೆದರು. ನೆಕ್ಕುವುದು ಎಂಬ ಅರ್ಥದ ಹಿಂದಿ ಧಾತುವಿನಿಂದ ಬಂದ ‘ಚಟ್ನಿ’ಯೂ ಅದೇ ಬಗೆಯಲ್ಲಿ ಇಂಗ್ಲಿಷಿಗೆ ಸೇರಿತು.

ಭಾರತದಿಂದ ಮೆಣಸನ್ನು ಕೊಂಡೊಯ್ದ ಹಡಗುಗಳ ಮಾರ್ಗದಲ್ಲಿಯೇ ಇನ್ನೊಂದು ಖಾರವಸ್ತು ಇಲ್ಲಿಗೆ ಬಂದಿತು. ಅದೇ ಅಮೆರಿಕಾ ಖಂಡದ ಮೂಲದ ಮೆಣಸಿನಕಾಯಿ. ಸಸ್ಯಶಾಸ್ತ್ರದ ದೃಷ್ಟಿಯಿಂದ ಅದಕ್ಕೂ ಕಾಳುಮೆಣಸಿಗೂ ಯಾವ ಸಂಬಂಧವೂ ಇಲ್ಲ. ಅದು ಬದನೆಯ ಕುಟುಂಬಕ್ಕೆ ಸೇರಿದುದು. ಕನ್ನಡಿಗರು ಈ ಅಪರಿಚಿತ ಕಾಯಿಗೆ ಹೆಸರಿಟ್ಟದ್ದು ಪರಿಚಿತ ಖಾರದ ಸಾದೃಶ್ಯದಿಂದ. ಮೆಣಸಿನಂತೆ ಖಾರವುಳ್ಳ ಕಾಯಿ ‘ಮೆಣಸಿನಕಾಯಿ’ಯಾಯಿತು. ಕೆಲಕಾಲದಲ್ಲಿ ಹೊಸದು ಹಳೆಯದರ ಸ್ಥಾನವನ್ನು ಆಕ್ರಮಿಸಿತು. ಬಳ್ಳಿಯ ಆಶ್ರಯಕ್ಕೆ ಮರ, ಮಲೆನಾಡಿನ ಮಳೆ, ವರ್ಷಗಳ ಕಾಯುವಿಕೆ ಮೆಣಸಿಗೆ ಬೇಕು. ಮೆಣಸಿನಕಾಯಿಯಾದರೋ ಬಯಲುಸೀಮೆಯ ಹಿತ್ತಿಲಿನಲ್ಲಿಯೂ ಕೆಲವೇ ತಿಂಗಳಲ್ಲಿ ಫಲ ಕೊಡುತ್ತದೆ. ಅರಸರ ಹಾಗೂ ವರ್ತಕರ ಸೊತ್ತಾಗಿದ್ದ ಖಾರವು ಇದರಿಂದ ಬಡವನ ಕೈಗೂ ಎಟುಕಿತು. ಕರಾವಳಿ ಮಲೆನಾಡುಗಳ ಹಲವೆಡೆ ‘ಮೆಣಸು’ ಎಂಬ ಬರಿಯ ಶಬ್ದವೂ ಹೊಸಬನ ಪಾಲಾಯಿತು. ಹಳೆಯ ಮೆಣಸು ತನ್ನ ಹೆಸರಿಗೆ ವಿಶೇಷಣವೊಂದನ್ನು ಜೋಡಿಸಿಕೊಂಡು ‘ಕಾಳುಮೆಣಸು’, ‘ಕರಿಮೆಣಸು’, ‘ಒಳ್ಳೆಮೆಣಸು’ ಎನಿಸಿಕೊಳ್ಳಬೇಕಾಯಿತು. ‘ಒಳ್ಳೆ’ ಎಂಬ ಆ ವಿಶೇಷಣದಲ್ಲಿ ಮೂಲದವನಾರು, ಆಗಂತುಕನಾರು ಎಂಬ ಜನರ ಸ್ಮೃತಿ ಇಂದಿಗೂ ಉಳಿದಿದೆ.

ಹೀಗೆ ಖಾರವು ಬದಲಾಗುತ್ತಿದ್ದ ಕಾಲದಲ್ಲಿಯೇ, ಕ್ರಿ.ಶ. 1594ರಲ್ಲಿ, ಗುರುಲಿಂಗದೇಶಿಕನ ‘ಲಿಂಗಪುರಾಣ’ ರಚಿತವಾಯಿತು. ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯನವರು 1994ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಪುರಾಣವನ್ನು ವಿಶೇಷವಾಗಿ ಹೆಸರಿಸಿ, ಐವತ್ತು ಬಗೆಯ ಉಪ್ಪಿನಕಾಯಿಗಳು ಅದರಲ್ಲಿ ವರ್ಣಿತವಾಗಿರುವುದನ್ನು ಎತ್ತಿ ತೋರಿಸಿದ್ದಾರೆ. ಧಾರ್ಮಿಕ ಪುರಾಣವೊಂದರಲ್ಲಿ ನಾಲಗೆಯ ರುಚಿಗೆ ಇಷ್ಟು ವಿಸ್ತಾರವಾದ ಅವಕಾಶವೇಕೆಂದು ಕೆಲವರಿಗೆ ತೋರಬಹುದು. ವೀರಶೈವ ತತ್ತ್ವದ ಹಿನ್ನೆಲೆಯಲ್ಲಿ ನೋಡಿದರೆ ಆ ಸಂದೇಹಕ್ಕೆ ಎಡೆಯಿಲ್ಲ. ಷಟ್ಸ್ಥಲ ಸಿದ್ಧಾಂತದ ಅರ್ಪಿತಕ್ರಮದಲ್ಲಿ ಗಂಧವು ಆಚಾರಲಿಂಗಕ್ಕೆ, ರುಚಿಯು ಗುರುಲಿಂಗಕ್ಕೆ, ರೂಪವು ಶಿವಲಿಂಗಕ್ಕೆ, ಸ್ಪರ್ಶವು ಜಂಗಮಲಿಂಗಕ್ಕೆ, ಶಬ್ದವು ಪ್ರಸಾದಲಿಂಗಕ್ಕೆ, ತೃಪ್ತಿಯು ಮಹಾಲಿಂಗಕ್ಕೆ ಸಲ್ಲತಕ್ಕವು. ರುಚಿಯನ್ನು ನಿರಾಕರಿಸುವುದು ಇಲ್ಲಿನ ಮಾರ್ಗವಲ್ಲ. ಅದನ್ನು ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವುದು ಮಾರ್ಗ. ಅರ್ಪಿತವಾಗುವ ಪದಾರ್ಥದ ವಿಷಯದಲ್ಲಿ ಕವಿಯು ಉದಾಸೀನನಾಗದಿರುವುದು ಈ ದೃಷ್ಟಿಯಿಂದ ಸಮಂಜಸವೇ ಆಗಿದೆ.

ಪಾಕವಿಚಾರಕ್ಕೆ ಸ್ಥಾನವಿತ್ತ ಇನ್ನೊಂದು ಪ್ರಮುಖ ಗ್ರಂಥ ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’. ಕ್ರಿ.ಶ. 1709ರ ಸುಮಾರಿಗೆ ಸಂಸ್ಕೃತದಲ್ಲಿ ರಚಿತವಾದ ಈ ವಿಶ್ವಕೋಶ ಒಂಬತ್ತು ಕಲ್ಲೋಲಗಳಲ್ಲಿ ವಿಸ್ತರಿಸಿದ್ದು ಮಾನಸೋಲ್ಲಾಸದ ಪರಂಪರೆಗೆ ಸೇರಿದುದಾಗಿದೆ. ಪಾಕಶಾಲೆ, ಪಾತ್ರೆ, ಅನ್ನಭೇದಗಳೊಡನೆ ಉಪ್ಪಿನಕಾಯಿಯ ವಿಷಯವೂ ಅಲ್ಲಿ ಬಂದಿದೆ. ರಾಣಿ ಚೆನ್ನಮ್ಮಾಜಿಯ ದತ್ತುಪುತ್ರನಾದ ಈ ಅರಸನ ಆಳ್ವಿಕೆಗೆ ಒಳಪಟ್ಟಿದ್ದ ಪ್ರದೇಶವನ್ನು ಗಮನಿಸಬೇಕು. ‘ಮೆಣಸಿನ ರಾಣಿ’ ಎಂದು ಪೋರ್ಚುಗೀಸರಿಂದ ಕರೆಸಿಕೊಂಡ ಚೆನ್ನಭೈರಾದೇವಿಯ ಗೇರುಸೊಪ್ಪೆ ಹದಿನೇಳನೆಯ ಶತಮಾನದ ಆರಂಭದಲ್ಲಿಯೇ ಕೆಳದಿಗೆ ಸೇರಿತ್ತು. ಮೆಣಸು, ಶುಂಠಿ, ಕಾಡುಮಾವು, ಕರಾವಳಿಯ ಉಪ್ಪು ಇವೆಲ್ಲವೂ ಒಂದೇ ರಾಜ್ಯದ ಎಲ್ಲೆಯೊಳಗೆ ದೊರೆಯುತ್ತಿದ್ದವು. ಉಪ್ಪಿನಕಾಯಿಗೆ ಬೇಕಾದ ಸಕಲ ಸಾಮಗ್ರಿಯೂ ಕೈಯಳತೆಯಲ್ಲಿದ್ದ ನಾಡಿನ ಅರಸನು ಅದನ್ನು ಗ್ರಂಥಸ್ಥಗೊಳಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ನಾಡಿನ ವಿಶಿಷ್ಟ ಕೊಡುಗೆ ಅಪ್ಪೆಮಿಡಿ. ಶರಾವತಿ, ಅಘನಾಶಿನಿ, ವರದಾ ಮೊದಲಾದ ನದಿಗಳ ದಡಗಳಲ್ಲಿ ತಾವಾಗಿ ಬೆಳೆದ ಕಾಡುಮಾವಿನ ಮರಗಳ ಎಳೆಯ ಕಾಯಿ ಇದು. ಒಳಗೆ ಓಟೆ ಕಟ್ಟುವುದಕ್ಕೆ ಮುಂಚೆಯೇ, ಸೊನೆ ಸೋರಿಹೋಗದಂತೆ ತೊಟ್ಟನ್ನು ಉಳಿಸಿ ಕೊಯ್ಯಬೇಕು. ಅಪ್ಪೆಯ ಪರಿಮಳವಿರುವುದು ಆ ಸೊನೆಯಲ್ಲಿಯೇ. ಜೀರಿಗೆಯ ಕಂಪುಳ್ಳದ್ದು ಜೀರಿಗೆಮಿಡಿ, ಕರ್ಪೂರದ ಕಂಪುಳ್ಳದ್ದು ಕರ್ಪೂರಮಿಡಿ. ‘ಅನಂತಭಟ್ಟನ ಅಪ್ಪೆ’ಯಂತಹ ತಳಿಗಳು ವ್ಯಕ್ತಿಯ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಮಿಡಿಗಳನ್ನು ಹರಳುಪ್ಪಿನೊಡನೆ ಪದರಪದರವಾಗಿ ಭರಣಿಯಲ್ಲಿ ತುಂಬುತ್ತಾರೆ. ಉಪ್ಪು ಕಾಯಿಯ ನೀರನ್ನು ಹೊರಗೆಳೆಯುತ್ತದೆ. ಕಾಯಿ ಸುಕ್ಕುಗಟ್ಟಿ ತನ್ನದೇ ರಸದಲ್ಲಿ ಮುಳುಗುತ್ತದೆ. ಆ ಉಪ್ಪುನೀರನ್ನು ಕಾಯಿಸಿ ಆರಿಸಿ, ಸಾಸಿವೆ, ಅರಿಸಿನ, ಮೆಣಸಿನಕಾಯಿಗಳನ್ನು ಅರೆದು ಕೂಡಿಸಿ, ಗಾಳಿಯಾಡದಂತೆ ಕಟ್ಟಿಟ್ಟರೆ ವರ್ಷಗಳವರೆಗೂ ಕೆಡದು. ಮಲೆನಾಡಿನ ಈ ವಿಧಾನದಲ್ಲಿ ಎಣ್ಣೆಗೆ ಸ್ಥಾನವಿಲ್ಲ. ಕೊಳೆಯಿಸುವ ಜೀವಾಣುಗಳಿಗೆ ಬೇಕಾದ ನೀರನ್ನು ಉಪ್ಪು ಸೆಳೆದುಕೊಳ್ಳುವುದರಿಂದಲೂ, ಕಾಯಿಯ ಹುಳಿ ಅವುಗಳ ಬೆಳವಣಿಗೆಯನ್ನು ತಡೆಯುವುದರಿಂದಲೂ ಈ ರಕ್ಷಣೆ ಸಾಧ್ಯವಾಗುತ್ತದೆಂದು ಇಂದಿನ ವಿಜ್ಞಾನ ವಿವರಿಸುತ್ತದೆ. ವಿವರಣೆ ಹೊಸದು, ಅನುಭವ ಹಳೆಯದು.

ಉಪ್ಪು ಇಲ್ಲದೆ ಇದಾವುದೂ ನಡೆಯದು. ಗೋಕರ್ಣದ ಬಳಿ ಅಘನಾಶಿನಿಯ ಅಳಿವೆಯಲ್ಲಿರುವ ಸಾಣಿಕಟ್ಟೆಯ ಆಗರಗಳ ಉಪ್ಪನ್ನು ಈ ಭಾಗದ ಗೃಹಿಣಿಯರು ಉಪ್ಪಿನಕಾಯಿಗೆಂದೇ ಆರಿಸಿ ತರುತ್ತಾರೆ. 1882ರ ಉಪ್ಪಿನ ಕಾಯಿದೆಯಿಂದ ಆ ಪದಾರ್ಥದ ಮೇಲೆ ಬ್ರಿಟಿಷ್ ಸರ್ಕಾರದ ಹಿಡಿತ ಬಿಗಿಯಾಯಿತು. 1930ರ ಏಪ್ರಿಲ್ ತಿಂಗಳಲ್ಲಿ ಅಂಕೋಲೆಯ ಜನ ಆ ಕಾಯಿದೆಯನ್ನು ಮುರಿದರು. ತೆರಿಗೆಯ ಭಾರ ಊಟದ ಉಪ್ಪಿಗಷ್ಟೇ ಬೀಳುತ್ತಿರಲಿಲ್ಲ. ಮಳೆಗಾಲಕ್ಕೆಂದು ಬಡವರು ಭರಣಿಯಲ್ಲಿ ಕೂಡಿಡುತ್ತಿದ್ದ ಏಕೈಕ ವ್ಯಂಜನದ ಮೇಲೂ ಬೀಳುತ್ತಿತ್ತು.

ಬಯಲುಸೀಮೆಯ ವ್ಯಂಜನಗಳ ಕಥೆ ಬೇರೆಯದು. ಜೋಳದ ರೊಟ್ಟಿಗೆ ಜೊತೆಯಾಗಿ ಉತ್ತರ ಕರ್ನಾಟಕದಲ್ಲಿ ಅಗಸಿ, ಗುರೆಳ್ಳು, ಶೇಂಗಾ ಚಟ್ನಿಗಳು ರೂಢಿಯಲ್ಲಿವೆ. ಕೆಂಪುಗೊಂಡ ಹಸಿಮೆಣಸಿನಕಾಯಿಯನ್ನು ಉಪ್ಪು ಬೆಳ್ಳುಳ್ಳಿಗಳೊಡನೆ ಅರೆದ ರಂಜಕ, ಕಾಯಿಪಲ್ಲೆಗಳನ್ನು ಅಗಸೆಯೊಡನೆ ಹುದುಗಿಸಿದ ಕರಿಂಡಿ ಇವು ಚಳಿಗಾಲದ ವಿಶೇಷಗಳು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಬುತ್ತಿಯಲ್ಲಿ ಅವು ಇರಲೇಬೇಕು. ಇವುಗಳ ಪೈಕಿ ಅಗಸೆ, ಗುರೆಳ್ಳುಗಳು ಹಳೆಯವು. ಶೇಂಗಾ ಮತ್ತು ಮೆಣಸಿನಕಾಯಿ ಎರಡೂ ಅಮೆರಿಕಾ ಖಂಡದಿಂದ ಬಂದವು. ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣದ ಹೆಸರನ್ನು ಹೊತ್ತ ಮೆಣಸಿನಕಾಯಿಯಂತೂ ಕಡಿಮೆ ಖಾರ, ಹೆಚ್ಚು ಬಣ್ಣಗಳಿಗೆ ಪ್ರಸಿದ್ಧವಾಗಿ 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯನ್ನೂ ಪಡೆಯಿತು. ಹೊರಗಿನಿಂದ ಬಂದುದು ಐದು ಶತಮಾನಗಳೊಳಗೆ ಒಂದು ಊರಿನ ಹೆಸರಿನಿಂದಲೇ ಗುರುತಿಸಿಕೊಳ್ಳುವಷ್ಟು ನಮ್ಮದಾಗಿದೆ.

ಈ ಇತಿಹಾಸದಿಂದ ಸಾಹಿತ್ಯ ವಿದ್ಯಾರ್ಥಿಗಳು ಗ್ರಹಿಸಬೇಕಾದ ಮುಖ್ಯ ವಿಚಾರವೊಂದುಂಟು. ಹದಿನಾರನೆಯ ಶತಮಾನಕ್ಕೆ ಹಿಂದಿನ ಕೃತಿಗಳಲ್ಲಿ ‘ಮೆಳಸು’, ‘ಮೆಣಸು’ ಎಂದು ಬಂದಲ್ಲೆಲ್ಲ ಕಾಳುಮೆಣಸು ಎಂದೇ ಅರ್ಥಮಾಡತಕ್ಕದ್ದು. ಇಂದಿನ ರೂಢಿಯನ್ನು ಅನುಸರಿಸಿ ಮೆಣಸಿನಕಾಯಿ ಎಂದು ವಿವರಿಸಿದರೆ ಕವಿಯ ಬಾಯಿಗೆ ಅವನು ಎಂದೂ ಉಣ್ಣದ ಪದಾರ್ಥವನ್ನು ತುರುಕಿದಂತಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಚಿತ್ರಿಸುವ ನಾಟಕಕಾರನು ಮಹಾಮನೆಯ ದಾಸೋಹದಲ್ಲಿ ಕೆಂಪು ಚಟ್ನಿಯನ್ನು ಬಡಿಸಿದರೆ ಅದು ಕಾಲದೋಷವಾಗುತ್ತದೆ. ಇದಕ್ಕೆ ವಿಪರ್ಯಯವಾಗಿ, ಪ್ರಾಚೀನವೆಂದು ಹೇಳಲಾಗುವ ಹಸ್ತಪ್ರತಿಯೊಂದರಲ್ಲಿ ‘ಮೆಣಸಿನಕಾಯಿ’ ಎಂಬ ಶಬ್ದ ಸ್ಪಷ್ಟವಾಗಿ ಕಾಣಿಸಿಕೊಂಡರೆ ಆ ಭಾಗದ ಕಾಲವನ್ನು ಪುನರ್ವಿಮರ್ಶಿಸಬೇಕು. ಪುರಂದರದಾಸರ ಅಂಕಿತದಲ್ಲಿ ಪ್ರಚಲಿತವಾಗಿರುವ, ಮೆಣಸಿನಕಾಯಿಯನ್ನು ಕುರಿತ ಕೀರ್ತನೆಯ ವಿಷಯದಲ್ಲಿಯೂ ಇದೇ ಎಚ್ಚರ ಅವಶ್ಯಕ. ದಾಸರು 1564ರವರೆಗೆ ಬದುಕಿದ್ದರೆಂಬುದು ಸಂಪ್ರದಾಯ. ಆ ಕಾಲದೊಳಗೆ ಕಾಯಿಯು ಕನ್ನಡನಾಡಿಗೆ ಬಂದಿರುವುದು ಸಾಧ್ಯ. ಆದರೆ ಬಾಯಿಂದ ಬಾಯಿಗೆ ಬಂದ ಪದಗಳಲ್ಲಿ ಉತ್ತರಕಾಲದ ಸೇರ್ಪಡೆಯೂ ಅಷ್ಟೇ ಸಾಧ್ಯ. ‘ಲಿಂಗಪುರಾಣ’ದ ಐವತ್ತು ಉಪ್ಪಿನಕಾಯಿಗಳನ್ನು ಅಧ್ಯಯನಕ್ಕೆ ಎತ್ತಿಕೊಳ್ಳುವ ವಿದ್ಯಾರ್ಥಿ ಪ್ರತಿಯೊಂದರ ಮುಂದೆಯೂ ಇದು ಬಳ್ಳಿಯ ಮೆಣಸೋ, ಗಿಡದ ಮೆಣಸೋ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಓದಬೇಕು. ಅಡುಗೆಮನೆಯ ಒಂದು ಕಾಯಿ ಗ್ರಂಥಸಂಪಾದನೆಗೆ ಶಾಸನದಷ್ಟೇ ಉಪಯುಕ್ತವಾದ ಸಾಧನವಾಗಬಲ್ಲದು.

ಕೊನೆಯದಾಗಿ ಒಂದು ಕಳವಳದ ಸಂಗತಿ. ಗ್ರಂಥಗಳು ವರ್ಣಿಸಿದ ಪದಾರ್ಥಗಳ ಮೂಲವೇ ಕ್ಷೀಣಿಸುತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ವಿಶಾಲ ಪ್ರದೇಶ ನೀರಿನಲ್ಲಿ ಮುಳುಗಿತು. ಹೊಳೆಯ ದಂಡೆಯ ಮರಗಳೂ ಅದರೊಡನೆ ಮುಳುಗಿದವು. ಉಳಿದ ಮರಗಳಿಗೆ ಮಿಡಿಗಾಗಿ ಕೊಂಬೆಯನ್ನೇ ಕಡಿಯುವ ಆತುರ ಮಾರಕವಾಗಿದೆ. ಕಾಯಿಯನ್ನೆಲ್ಲ ಎಳೆಯದಿರುವಾಗಲೇ ಕೊಯ್ದರೆ ಹಣ್ಣಾಗಿ ಬಿದ್ದು ಮೊಳೆಯಲು ಬೀಜವೂ ಉಳಿಯದು. ಬೀಜದಿಂದ ಬೆಳೆದ ಸಸಿ ತಾಯಿಮರದ ಪರಿಮಳವನ್ನು ಹಾಗೆಯೇ ಕೊಡುವುದೆಂಬ ಭರವಸೆಯೂ ಇಲ್ಲ. ಆದುದರಿಂದ ಒಂದು ಮರ ಉರುಳಿತೆಂದರೆ ಒಂದು ರುಚಿಯೇ ಅಳಿದಂತೆ. ಮಲೆನಾಡಿನ ಕೃಷಿಕರು ಉತ್ತಮ ಮರಗಳಿಂದ ಕಸಿ ಕಟ್ಟಿ ತೋಟಗಳಲ್ಲಿ ಬೆಳೆಸುತ್ತಿರುವುದೂ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಪ್ಪೆಯ ತಳಿಗಳನ್ನು ಸಂಗ್ರಹಿಸಿ ಕಾಪಾಡುತ್ತಿರುವುದೂ ಸಮಾಧಾನದ ಸಂಗತಿ.

ಲೋಕೋಪಕಾರದ ಕರ್ತೃವೂ, ಕಲ್ಲಹಳ್ಳಿಯ ಮಂಗರಸನೂ, ಗುರುಲಿಂಗದೇಶಿಕನೂ, ಕೆಳದಿಯ ಅರಸನೂ ಬೇರೆಬೇರೆ ಕಾಲ ಹಾಗೂ ಬೇರೆಬೇರೆ ಮತಗಳಿಗೆ ಸೇರಿದವರು. ಎಲೆಯ ತುದಿಯ ಆ ಕಿರುಪದಾರ್ಥವು ಬರವಣಿಗೆಗೆ ಯೋಗ್ಯವೆಂಬಲ್ಲಿ ಮಾತ್ರ ಅವರೆಲ್ಲರ ಅಭಿಪ್ರಾಯವೂ ಒಂದೇ. ಅವರು ಓಲೆಯಲ್ಲಿ ಉಳಿಸಿದುದನ್ನು ಶುದ್ಧಪಾಠದೊಡನೆ ಓದುವ ಹೊಣೆ ವಿದ್ವಾಂಸರದು. ಹೊಳೆಯ ದಂಡೆಯಲ್ಲಿ ಉಳಿದಿರುವ ಮರಗಳನ್ನು ಕಾಯುವ ಹೊಣೆ ನಾಡಿನ ಎಲ್ಲರದು. ಮರವಿಲ್ಲದೆ ಗ್ರಂಥವೊಂದೇ ಉಳಿದರೆ ಮುಂದಿನ ಓದುಗನಿಗೆ ಅಪ್ಪೆಯ ಹೆಸರು ದೊರೆತೀತು, ಪರಿಮಳ ದೊರೆಯದು.